ವೀಣೆ ಹೊತ್ತವನಿಂದ ಬಲಗಾಲಿನ ನರಕ್ಕೊಂದು ದೂರು

ನನ್ನ ಬಲಗಾಲಿನ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ಸಂದಿಯಲ್ಲಿ ವಾಸವಾಗಿರುವ ಮಾನ್ಯ ನರ ಮಹಾಶಯರೇ,

ಪಂಢರಪುರದ ದಾರಿಯಲ್ಲಿ, ವೇಳಾಪುರದ ಬಿಡಾರದಿಂದ, ನಾಲ್ಕನೆಯ ತರಗತಿಯವರೆಗೆ ಓದಿದ ಭಾನುದಾಸ ಖರಾತನು ನಿಂತು ಮಾಡಬೇಕಾದ ನಮಸ್ಕಾರವನ್ನು ತಮ್ಮ ದಯೆಯಿಂದ ಕುಳಿತೇ ಮಾಡುತ್ತಿದ್ದಾನೆ. ತಾವು ಕ್ಷೇಮವಾಗಿರುವುದು ಪ್ರತಿ ಹೆಜ್ಜೆಗೂ ತಿಳಿಯುತ್ತಿದೆ.

ತಮ್ಮನ್ನು ಕರೆಸಿಕೊಂಡವನು ನಾನೇ ಎಂಬುದನ್ನು ಮರೆತಿಲ್ಲ. ಲೋಣಂದದಲ್ಲಿ, ವೀಣೆ ಹೊರುತ್ತಿದ್ದ ಗಹಿನೀನಾಥ ಬುವಾ ಅವರ ಮೊಣಕಾಲು ಹಿಡಿದುಕೊಂಡಾಗ, ಕೂಡಿ ಭಜಿಸುತ್ತ ನಡೆಯುವ ನಮ್ಮ ದಿಂಡಿಯ ವೀಣೆ ನನ್ನ ಹೆಗಲಿಗೆ ಬಂತು. ಆ ವೀಣೆ ನೆಲ ಮುಟ್ಟುವಂತಿಲ್ಲ. ಅದನ್ನು ಹೊತ್ತವನ ಕಾಲು ಮುಟ್ಟದೆ ಜನ ಬಿಡುವಂತಿಲ್ಲ. ನಾಲ್ಕು ಜನರ ಎದುರು ಬಾಯಿ ಬಿಡಲಾಗದ ನನಗೆ, ಬಾತುಕೋಳಿಯ ಕಾಲಿನಂತೆ ಅಗಲವಾದ ಈ ಪಾದಗಳನ್ನು ಅಷ್ಟು ಜನ ಹತ್ತಿರದಿಂದ ನೋಡುತ್ತಾರಲ್ಲ ಎಂಬ ಚಿಂತೆ ಹತ್ತಿ, ಅವು ಚಿಕ್ಕವಾಗಿ ಕಾಣಲೆಂದು ಚೂಪು ಮೂತಿಯ, ಬಿಗಿ ಪಟ್ಟಿಯ ಚಪ್ಪಲಿ ಕೊಂಡೆ. ಪಾದ ಚಿಕ್ಕದಾಗಲಿಲ್ಲ, ತಾವು ದೊಡ್ಡವರಾದಿರಿ.

ಮೊದಮೊದಲು ತಮ್ಮನ್ನು ಕಲ್ಲೆಂದು ತಿಳಿದ ಅಪರಾಧವನ್ನು ಕ್ಷಮಿಸಬೇಕು. ವೀಣೆ ಹೊತ್ತು ಬಗ್ಗಲಾಗದೆ, ತಲೆಯ ಮೇಲೆ ತುಳಸಿ ಹೊತ್ತು ನಡೆಯುವ ಠಕೂಬಾಯಿ ಆಜಿಗೆ ಚಪ್ಪಲಿ ಕೊಡವಲು ಹೇಳಿದೆ. ಆಕೆ ತುಳಸಿಯನ್ನು ಪಕ್ಕದವಳಿಗೆ ಕೊಟ್ಟು, ಚಪ್ಪಲಿ ಕೊಡವಿ, "ಕಲ್ಲೂ ಇಲ್ಲ, ಮಣ್ಣೂ ಇಲ್ಲ. ನಿನ್ನ ತಲ್ಯಾಗ ಏನರ ಸಿಕ್ಕೈತೇನು ನೋಡ್ಕೋ ಮಗಾ" ಎಂದಳು.

ಫಲಟಣದಿಂದ ತಮ್ಮ ಪ್ರತಾಪ ಪೂರ್ತಿ ಬೆಳಗಿತು. ಭಕ್ತರು ಬಗ್ಗಿ ಹೆಬ್ಬೆರಳನ್ನು ಸರಿಯಾಗಿ ತಮ್ಮ ಮನೆಬಾಗಿಲಿಗೇ ಒತ್ತಿದಾಗಲೆಲ್ಲ ಕೆಂಡ ತುಳಿದವನಂತೆ ನಾನು "ವಿಠ್ಠಲಾ!" ಎಂದು ಕೂಗಿಬಿಡುತ್ತಿದ್ದೆ; ಕಣ್ಣಲ್ಲಿ ನೀರೂ ಬರುತ್ತಿತ್ತು. "ನೋಡ್ರಿ, ಈ ವಯಸ್ಸಿನಾಗ ಎಂಥಾ ಭಕ್ತಿ!" ಎಂದು ಪಕ್ಕದ ದಿಂಡಿಯವರೂ ಸಾಲು ಹಚ್ಚಿದರು. ಸಂಕೋಚದವನಾದ ನಾನು ಅಲ್ಲವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ಅಲ್ಲವೆನ್ನಲು ಮನಸ್ಸೂ ಬರಲಿಲ್ಲ.

ನಿನ್ನೆ ದವಾಖಾನೆಯ ಡೇರೆಯಲ್ಲಿ ಡಾಕ್ಟರ್ ಬಾಯಿ ನನ್ನ ಪಾದವನ್ನು ಎರಡೂ ಬದಿಯಿಂದ ಹಿಂಡಿದಾಗ ತಾವು ಟಕ್ ಎಂದು ಓಗೊಟ್ಟ ಸೌಜನ್ಯವನ್ನು ಮರೆಯಲಾರೆ. "ಬೆರಳ ಸಂದ್ಯಾಗಿನ ನರ ಒತ್ತಿ ದಪ್ಪಾಗೈತಿ. ಬೆರಳು ಬಿಚ್ಚಿ ಕೂಡೂವಷ್ಟು ಅಗಲ ಚಪ್ಪಲಿ ಹಾಕ್ಕೋ ಮಾವುಲಿ. ಬೆರಳ ಹಿಂದ ಈ ಮೆತ್ತೆ ಇಟ್ಕೋ, ತಣ್ಣೀರ ಬಟ್ಟಿ ಕಟ್ಟು, ಎರಡು ದಿನ ಕಾಲಿಗೆ ಸೂಟಿ ಕೊಡು. ಇಲ್ಲಾಂದ್ರ ಪಂಢರಪುರಕ್ಕ ನಡ್ಕೊಂಡು ಹೋಗೂದು ಮರತುಬಿಡು" ಎಂದರು. ಈ ದಾರಿಯಲ್ಲಿ ಯಾರನ್ನು ಕರೆದರೂ ಮಾವುಲಿ, ಅಂದರೆ ತಾಯಿ, ಎಂದೇ ಕರೆಯುವುದು.

ಕಾಲಿಗೆ ಸೂಟಿಯೆಂದರೆ ವೀಣೆ ಇನ್ನೊಬ್ಬರ ಹೆಗಲಿಗೆ. ಅಷ್ಟರಲ್ಲಿ ಮೊಣಕಾಲು ಸಡಿಲಾಗಿದ್ದ ಬುವಾ ಕೈ ಚಾಚಿದರು, ಆದರೆ "ಯಾಕ ಕೊಟ್ಟಿ ಅಂತ ಜನಕ್ಕ ನೀನ ಹೇಳಬೇಕು" ಎಂದರು. ಆಗ ನಾನು ತಮ್ಮಲ್ಲಿ ಮನಸ್ಸಿನಲ್ಲೇ ಬೇಡಿದ್ದು ನೆನಪಿರಬಹುದು: ಕಿವಿಯ ಹಾಲೆಗೆ ವಾಸ ಬದಲಿಸಿರಿ, ಅಲ್ಲಿಗೆ ಯಾರೂ ನಮಸ್ಕಾರ ಮಾಡುವುದಿಲ್ಲ, ಅದಾಗದಿದ್ದರೆ ಬುವಾ ಅವರ ಮೊಣಕಾಲಿನೊಡನೆ ಮಾತಾಡಿ ಇನ್ನೆರಡು ದಿನ ಅದನ್ನು ಹಿಡಿಸಿರಿ. ತಾವು ಎರಡಕ್ಕೂ ಒಪ್ಪಲಿಲ್ಲ.

ಕೊನೆಗೆ ಸಂಜೆಯ ಭಜನೆ ಮುಗಿದ ಮೇಲೆ ಎಲ್ಲರೆದುರು ಒಂದೇ ಉಸಿರಿಗೆ ಹೇಳಿಬಿಟ್ಟೆ: "ನಾ ಕೂಗಿದ್ದು ಭಕ್ತಿಗಲ್ಲ, ಕಾಲು ನೋವಿಗೆ. ಸಣ್ಣ ಚಪ್ಪಲಿ ಹಾಕ್ಕೊಂಡಿದ್ದೆ."

 ಠಕೂಬಾಯಿ ಆಜಿ ಎಲೆಯಡಿಕೆ ಬಾಯಲ್ಲೇ, "ಕರದಿದ್ದು ವಿಠ್ಠಲನ್ನ ಹೌದಲ್ಲೋ? ನಾ ಏನು ಸುಖ ಹೆಚ್ಚಾಗಿ ಕರೀತೀನೇನು? ನಂದು ಸೊಂಟ, ಬುವಾಂದು ಮೊಣಕಾಲು, ನಿಂದು ಬೆರಳ ಸಂದಿ" ಎಂದಳು. ಅಷ್ಟೂ ಜನ ನಕ್ಕರು. ನನಗೂ ನಗು ಬಂತು, ಅಳುವೂ ಬಂತು. ವೀಣೆ ಬುವಾ ಅವರ ಹೆಗಲೇರಿತು. ನಾನು ಪಾತ್ರೆಗಳ ಲಾರಿಯಲ್ಲಿ ಅಕ್ಕಿ ಚೀಲದ ಮೇಲೆ ತಮ್ಮನ್ನು ಎತ್ತಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಉಳಿದಿರುವುದು ಒಂದೇ ಬಿನ್ನಹ. ಪಂಢರಪುರಕ್ಕೆ ಮುಂಚಿನ ಕೊನೆಯ ಬಿಡಾರವಾದ ವಾಖರಿಯಿಂದ ಮುಂದಕ್ಕಾದರೂ ವೀಣೆಯಿಲ್ಲದೆ, ಎಲ್ಲರ ಹಿಂದೆ, ಬಾತುಕೋಳಿಯ ಪಾದಗಳಲ್ಲೇ ನಡೆಯಲು ಅಪ್ಪಣೆಯಾಗಲಿ.

ಎಲ್ಲಿ ಹೋದರೂ ತಮ್ಮನ್ನು ಹೊತ್ತೇ ಹೋಗಬೇಕಾದ,
ತಮ್ಮ ವಿಶ್ವಾಸಿ,
ಭಾನುದಾಸ ಖರಾತ

ತಾ.ಕ.: ನಿಜ ಹೇಳಿದ್ದರಿಂದ ನಮಸ್ಕಾರದ ಸಾಲು ನಿಂತಿತು. ಈಗ ಕನಿಕರದ ಸಾಲು ಹತ್ತಿದೆ. ಬಂದವರೆಲ್ಲ ಲಾರಿಯೊಳಕ್ಕೆ ಕೈ ಚಾಚಿ, "ಎಲ್ಲಿ ನೋವು ಮಾವುಲಿ, ಇಲ್ಲೇನು?" ಎಂದು ಸರಿಯಾಗಿ ತಮ್ಮನ್ನೇ ಒತ್ತಿ ನೋಡುತ್ತಿದ್ದಾರೆ. ವಿಠ್ಠಲಾ!