ಮರಳಿ ಬಾರದ ರಕ್ತಕಣಗಳು

ಕೊಳಾಲ ಹೋಬಳಿಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವ ಯಶೋದಮ್ಮನವರಿಗೆ ನೆಗಡಿ ಬಂದಿತ್ತೆಂಬುದು ನಿರ್ವಿವಾದ. ಅದು ಹೋಯಿತೇ ಎಂಬುದೇ ಸರ್ಕಾರದ ಮುಂದಿದ್ದ ಪ್ರಶ್ನೆ.

ಕೊರೋನಾ ಕಳೆದ ಮೇಲೆ ಸಂಶೋಧನೆಗೆಂದು ಬಂದ ವೈದ್ಯರ ತಂಡವೊಂದು ಊರಿನವರ ರಕ್ತ ತೆಗೆದುಕೊಂಡು ಹೋಗಿತ್ತು. ಯಶೋದಮ್ಮನವರ ವರದಿ ಹೀಗಿತ್ತು: "ಸೌಮ್ಯ ಸೋಂಕು ಪೂರ್ತಿ ವಾಸಿಯಾಗಿದೆ. ಆದರೆ ರೋಗ ತಡೆಯುವ ರಕ್ತಕಣಗಳು ತಿಂಗಳುಗಳು ಕಳೆದರೂ ಮೊದಲಿನ ಸ್ಥಿತಿಗೆ ಮರಳಿಲ್ಲ. ಇದರಿಂದ ತೊಂದರೆಯೇನೂ ಇಲ್ಲ."

ತಾಲ್ಲೂಕು ಬಿಸಿಯೂಟ ಶಿಸ್ತುಪಾಲನಾ ಕಚೇರಿಯ ಅಧಿಕಾರಿ ಅಂಜನ್ ಕುಮಾರ್ ಅವರು ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನು ಗಮನವಿಟ್ಟು ಓದಿ, ಯಶೋದಮ್ಮನವರನ್ನು ಕರೆಸಿದರು.

"ಕಾಯಿಲೆ ರಜೆಯಿಂದ ಮರಳುವವರು ಹೋದಾಗ ಇದ್ದ ಸ್ಥಿತಿಯಲ್ಲೇ ಮರಳತಕ್ಕದ್ದು. ನೀವು ಮರಳಿಲ್ಲ."

"ಇಲ್ಲೇ ನಿಂತಿವ್ನಲ್ಲ ಸಾ."

"ನೀವು ಬಂದಿದ್ದೀರಿ. ನಿಮ್ಮ ರಕ್ತಕಣಗಳು ಬಂದಿಲ್ಲ."

"ಹಳೇ ಮೈನ ಎಲ್ಲಿಂದ ತರ್ಲಿ ಸಾ?"

"ಅದು ನಿಮ್ಮ ವೈಯಕ್ತಿಕ ವಿಷಯ. ಸಿಗುವ ತನಕ ಅಡುಗೆಮನೆಗೆ ಪ್ರವೇಶವಿಲ್ಲ."

ಆ ಒಲೆ ಬಿಟ್ಟರೆ ಯಶೋದಮ್ಮನವರಿಗೆ ಬೇರೆ ಗತಿಯಿರಲಿಲ್ಲ. ಬಸ್ಸಿನಲ್ಲಿ ಕುಳಿತು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅದೇ ಕೈಯಂತೆ ಕಂಡಿತು.

ಅವರ ಜಾಗಕ್ಕೆ ಅಧಿಕಾರಿಗಳ ಷಡ್ಡಕನ ಮಗಳು ಪವಿತ್ರ ನೇಮಕವಾದಳು. ಮೊದಲ ದಿನ ಅವಳು ಮಾಡಿದ ಸಾರಿನಲ್ಲಿ ಬೇಳೆ ಬೆಂದಿರಲಿಲ್ಲ. ಮಕ್ಕಳು ನೀರು ಕುಡಿದು ತರಗತಿಗೆ ಹೋದರು. ಅದನ್ನು ನೋಡಲಾಗದೆ ಮರುದಿನ ಯಶೋದಮ್ಮ ಅಡುಗೆಮನೆಯ ಹಿಂದಿನ ಕಿಟಕಿಗೆ ಬಂದರು.

"ಲೇ ಪವಿತ್ರ, ಬೇಳೆ ಮೊದ್ಲು ಬೇಯ್ಬೇಕು ಕಣಮ್ಮ. ಆ ಸೌಟು ಇತ್ಲಾಗ್ ಕೊಡು."

"ತಗೊಳಿ ಅಕ್ಕ. ನಂಗೆ ನೂಡಲ್ಸ್ ಬಿಟ್ರೆ ಏನೂ ಬರಲ್ಲ."

ಒಲೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಲಾಯಿತು. ಹೊರಗೆ ನಿಂತ ಯಶೋದಮ್ಮ ಕೈಯನ್ನು ಒಳಗೆ ಚಾಚಿ ಸಾರು ತಿರುವಿದರು. ಮಕ್ಕಳು ಎರಡೆರಡು ಸಲ ಬಡಿಸಿಕೊಂಡರು. ಇದು ಪ್ರವೇಶವಾಗುತ್ತದೆಯೇ ಎಂದು ಮುಖ್ಯೋಪಾಧ್ಯಾಯಿನಿ ರಾಜಲಕ್ಷ್ಮಮ್ಮನವರು ಕಚೇರಿಯನ್ನು ಕೇಳಿದರು. ಉತ್ತರ ಬಂತು: "ಮೊಣಕೈವರೆಗಿನ ಪ್ರವೇಶವನ್ನು ಪ್ರವೇಶವೆಂದು ಪರಿಗಣಿಸತಕ್ಕದ್ದಲ್ಲ."

ಅಷ್ಟರಲ್ಲಿ ಅಂಜನ್ ಕುಮಾರ್ ಅವರಿಗೇ ನೆಗಡಿಯಾಗಿ ವಾಸಿಯಾಯಿತು. ಅದೇ ತಂಡ ಅವರ ರಕ್ತವನ್ನೂ ಪರೀಕ್ಷಿಸಿತು. ಅವರೂ ಮರಳಿರಲಿಲ್ಲ. ನಿಯಮವನ್ನು ರದ್ದುಪಡಿಸೋಣವೆಂದರೆ ಅದಕ್ಕೆ ಅಧಿಕಾರಿ ಪೂರ್ತಿಯಾಗಿ ಕರ್ತವ್ಯದಲ್ಲಿರಬೇಕು; ಮೊಣಕೈವರೆಗೆ ಇದ್ದರೆ ಸಾಲದು. ಅವರು ತಮ್ಮ ಕಚೇರಿಯ ಕಿಟಕಿಯಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೈ ಒಳಗೆ ಚಾಚಿ ಸಹಿ ಮಾಡತೊಡಗಿದರು. ನೆಗಡಿ ಒಬ್ಬರಿಂದೊಬ್ಬರಿಗೆ ಹಬ್ಬಿ, ಗುಮಾಸ್ತರೂ ಒಬ್ಬೊಬ್ಬರಾಗಿ ಹೊರಗೆ ಕುಳಿತರು. ಅರ್ಜಿ ಹಿಡಿದು ಬಂದ ಜನ ಒಳಗೆ ಕುಳಿತು, ಕಿಟಕಿಯ ಮೂಲಕ ಹೊರಗಿದ್ದವರಿಗೆ ಅರ್ಜಿ ಕೊಡುತ್ತಿದ್ದರು. ಒಳಗೆ ಫ್ಯಾನ್ ಇದ್ದುದರಿಂದ ಯಾರೂ ದೂರಲಿಲ್ಲ.

ಬೇಸಿಗೆಯಲ್ಲಿ ಯಶೋದಮ್ಮನವರೂ ಬಂದು, ಖಾಲಿಯಿದ್ದ ಅಧಿಕಾರಿಗಳ ಕುರ್ಚಿಯಲ್ಲಿ ಕುಳಿತರು.

"ಸಾ, ಬಿಸ್ಲಲ್ಲಿ ನಿಂತು ತಿರುವಕ್ಕಾಗಲ್ಲ. ಕಿಟಕಿ ಹೊರ್ಗೆ ಒಂದು ಚಪ್ಪರ ಹಾಕ್ಸಿಕೊಡಿ."

ಅಂಜನ್ ಕುಮಾರ್ ಬೆವರು ಒರೆಸಿಕೊಂಡರು. "ರಜೆಯಲ್ಲಿರುವವರಿಗೆ ನೆರಳು ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ನಾನೂ ಬಿಸಿಲಲ್ಲೇ ಇದ್ದೇನೆ."

"ಅಂಗಾರೆ ಒಸಿ ಹೊತ್ತು ಇಲ್ಲೇ ಕೂತಿರ್ತೀನಿ ಸಾ."

"ಕೂತ್ಕೊಳ್ಳಿ ಅಮ್ಮ. ಸಾರ್ವಜನಿಕರಿಗೆ ನಿರ್ಬಂಧವಿಲ್ಲ."

ಯಶೋದಮ್ಮ ಎದ್ದು ಫ್ಯಾನನ್ನು ಇನ್ನಷ್ಟು ಜೋರು ಮಾಡಿ ಬಂದು ಕುಳಿತರು.