ಹಸಿದ ಕೌದಿ ಮಾರುವುದಿಲ್ಲ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಏನಾದರೊಂದು ನೆಪ ಸಿಗುತ್ತಿತ್ತು. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಪೆನ್ನು ಸಿಗಲಿಲ್ಲ, ಎರಡೂ ಸಿಕ್ಕ ದಿನ ಧೈರ್ಯ ಸಿಗಲಿಲ್ಲ. ಇವತ್ತು ಹೇಳಿಯೇ ಬಿಡುತ್ತೇನೆ: ನನ್ನ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಹೊದಿಕೆಗೆ ಊಟ ಹಾಕುವ ಹೆಂಗಸು!

ನಗಬೇಡಿ. ನಗುವುದಾದರೆ ಪೂರ್ತಿ ಕೇಳಿ ನಗಿ.

ವೈನಿ ಹಳೆಯ ಸೀರೆಗಳ ತುಂಡು ಜೋಡಿಸಿ ಕೈಯಲ್ಲೇ ಕೌದಿ ಹೊಲಿಯುತ್ತಾರೆ. ಪುಣೆಯ ಹಡಪಸರದಲ್ಲಿ ನಾವಿರುವುದು ಒಂದೇ ಕಟ್ಟಡದಲ್ಲಿ, ಅವರ ಮನೆ ನಮ್ಮ ಮನೆಯ ಕೆಳಗೆ. ಅಣ್ಣ ತೀರಿಕೊಂಡ ಮೇಲೆ ಅವರು ಎಷ್ಟು ಹೊಲಿದರೆಂದರೆ ಕಪಾಟು ತುಂಬಿತು, ಮಂಚದ ಕೆಳಗೆ ತುಂಬಿತು, ಬಂದವರು ಕೂರಬೇಕಾದರೆ ಕೌದಿಯ ರಾಶಿ ಹತ್ತಬೇಕಾಯಿತು. ಆಗ ನಾನು, ಹೈಸ್ಕೂಲು ಮುಗಿಸಿ ಜೀವಮಾನವಿಡೀ ಬಟ್ಟೆ ಅಂಗಡಿಯಲ್ಲಿ ಮೀಟರು ಹಿಡಿದ ಮನುಷ್ಯ, "ಆನ್‌ಲೈನ್ ಮಾರೋಣ್ರಿ ವೈನಿ" ಅಂದೆ. ಮೇಲಿನ ಮಹಡಿಯ ಐಟಿ ದಂಪತಿ ವೆಬ್‌ಸೈಟು ಮಾಡಿಕೊಟ್ಟರು. ನಾನು ಮಾಲೀಕ, ಫೋಟೊಗ್ರಾಫರ್, ಪಾರ್ಸೆಲ್ ಕಟ್ಟುವವ. ವೈನಿ ಕಾರ್ಖಾನೆ.

ಆನ್‌ಲೈನ್ ಅಂಗಡಿ ಇಡುವವರಿಗೆ ನನ್ನ ಮೊದಲ ಬುದ್ಧಿವಾದ: ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನ ಕೆಳಗೆ ನಾನು ತೆಗೆದ ಫೋಟೊದಲ್ಲಿ ಬದನೆಕಾಯಿ ಬಣ್ಣವೆಲ್ಲ ಕುಂಕುಮವಾಗಿ, ಕುಂಕುಮ ಬಯಸಿದವರೆಲ್ಲ ಬದನೆಕಾಯಿಯನ್ನು ವಾಪಸು ಕಳಿಸಿದರು! ಇನ್ನೊಂದು: ಒಂದೇ ಪೀಸ್ ಇದ್ದರೆ ಒಂದೇ ಇದೆ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಯಾವುದೋ ರೆಸಾರ್ಟಿನವರು ಒಂದೇ ನಮೂನೆಯ ಹನ್ನೆರಡು ಕೌದಿ ಕೇಳಿದರು.

"ಕೊಡ್ತೀವಂತ ಹೇಳ್ಲೇನ್ರಿ ವೈನಿ?"

"ಹೇಳಪಾ. ಈ ಹಸರಂದು ನಮ್ಮ ಅತ್ತಿ ಸೀರಿ. ಹನ್ನೆರಡು ಕೌದಿ ಬೇಕಂದ್ರ ಹನ್ನೆರಡು ಅತ್ತಿ ಬೇಕಾಗ್ತಾರ. ಒಬ್ಬಾಕಿ ಕೈಯಾಗ ನಾ ಉಳಿದದ್ದ ಭಾಳ ಆತು!"

ಗ್ರಾಹಕರ ಸಹಾಯಕ್ಕೆಂದು ಹಾಕುವ ಫೋನ್ ನಂಬರು ಮಾತ್ರ ಯಾವ ಕಾರಣಕ್ಕೂ ವೈನಿಯದಾಗಿರಬಾರದು. ಇಂದಾಪುರದ ಒಬ್ಬಾಕೆ "ಮಾವಶಿ, ಪಾರ್ಸೆಲ್ ಯಾವಾಗ ಬರುತ್ತೆ?" ಎಂದು ಮರಾಠಿಯಲ್ಲಿ ಕೇಳಿದಳು. ವೈನಿ ಅವಳ ಮಗುವಿನ ಕೆಮ್ಮಿನಿಂದ ಹಿಡಿದು ಹೊಲದ ಕಬ್ಬಿನವರೆಗೆ ಎಲ್ಲ ವಿಚಾರಿಸಿ, ಕಷಾಯ ಹೇಳಿಕೊಟ್ಟು, ಪಾರ್ಸೆಲ್ಲಿನ ಸುದ್ದಿ ಒಂದನ್ನು ಬಿಟ್ಟು ಫೋನ್ ಇಟ್ಟರು. ಆಕೆ ಮರುದಿನ ಇನ್ನೂ ಎರಡು ಕೌದಿ ತರಿಸಿಕೊಂಡಳು! ಇದು ಯಾವ ಸೀಮೆಯ ವ್ಯಾಪಾರ, ನೀವೇ ಹೇಳಿ.

ಇನ್ನು ಊಟದ ವಿಷಯ. ನಮ್ಮ ಊರ ಕಡೆ ಕೌದಿ ಮುಗಿಸುವಾಗ ಮೂಲೆಯೊಳಗೆ ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಇಟ್ಟು ಹೊಲಿಯುವುದುಂಟು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ.

"ವೈನಿ, ಕುರಿಯರ್‌ನ್ಯಾಗ ಇದೆಲ್ಲಾ ಬ್ಯಾಡ್ರಿ. ಇರುವಿ ಹತ್ತತಾವು."

"ಹತ್ತಲಿ. ಅವಕ್ಕೂ ಹೊಟ್ಟಿ ಅದ."

"ಗಿರಾಕಿ ಬೈತಾರ್ರಿ!"

"ಹಸದ ಕೌದಿ ಮಾರಿದ್ರ ನಿಮ್ಮಣ್ಣಾರು ಮ್ಯಾಲಿಂದ ಬೈತಾರ. ಯಾರ ಬೈಗಳಾ ಬೇಕು, ನೀನ ಆರಿಸ್ಕೊ."

ಅಣ್ಣ ದೂರದಲ್ಲಿದ್ದ, ಗಿರಾಕಿಗಳು ಹತ್ತಿರದಲ್ಲಿದ್ದರು. ಮುಂಬೈಯ ಒಬ್ಬರು ಇರುವೆ ಸಾಲಿನ ಜಾಡು ಹಿಡಿದು, ಮೂಲೆ ಬಿಚ್ಚಿ, ಹೋಳಿಗೆಯ ಚೂರಿನ ಫೋಟೊವನ್ನು ನಮ್ಮದೇ ವೆಬ್‌ಸೈಟಿನಲ್ಲಿ ಹಾಕಿದರು. ಒಂದೇ ನಕ್ಷತ್ರ! "ಹೊದಿಕೆಯೊಳಗೆ ಯಾರೋ ತಿಂದು ಬಿಟ್ಟ ಊಟ." ಅದನ್ನು ಓದಿದ ಬೇರೆಯವರೂ ತಮ್ಮ ತಮ್ಮ ಕೌದಿ ಬಿಚ್ಚತೊಡಗಿದರು. ಬಂದ ಆರ್ಡರುಗಳೆಲ್ಲ ರದ್ದಾಗತೊಡಗಿದವು.

ಇದು ನಮ್ಮ ಪದ್ಧತಿ ಎಂದು ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ನಾಚಿಕೆಯಾಯಿತು. ನಾವು ಹೊದಿಕೆಗೆ ಉಣಿಸುವ ಜನ ಎಂದು ಮುಂಬೈಯವರಿಗೆ ಹೇಗೆ ಹೇಳುವುದು? ದೊಡ್ಡ ಕಂಪನಿಯವರ ಗತ್ತಿನಲ್ಲಿ, ಮರಾಠಿಯಲ್ಲಿ ಉತ್ತರ ಬರೆದೆ: "ಕ್ಷಮಿಸಿ. ಇದು ನಮ್ಮ ಕೆಲಸದ ಹೆಂಗಸಿನ ಕೊಳಕುತನ. ಅವಳನ್ನು ಕೆಲಸದಿಂದ ತೆಗೆದುಹಾಕಿದ್ದೇವೆ."

ಗಿರಾಕಿಗೆ ಸಮಾಧಾನವಾಯಿತು. ಎರಡು ನಕ್ಷತ್ರ ಹೆಚ್ಚು ಕೊಟ್ಟರು. ನಾನೂ ಖುಷಿಯಲ್ಲಿ ಒಂದು ಚಹಾ ಹೆಚ್ಚು ಕುಡಿದೆ.

ಆ ಖುಷಿಯಲ್ಲಿ ಮರೆತದ್ದೆಂದರೆ, ವೈನಿ ದಿನಾ ಪೂಜೆ ಮುಗಿಸಿ, ಕನ್ನಡಕ ಏರಿಸಿ, ಗಿರಾಕಿಗಳು ಬರೆದದ್ದನ್ನೆಲ್ಲ ಫೋನಿನಲ್ಲಿ ಪಾರಾಯಣ ಮಾಡುತ್ತಾರೆ ಎಂಬುದು. ಪುಣೆಯಲ್ಲಿ ಬಾಳುವೆ ಮಾಡಿದವರಿಗೆ ಮರಾಠಿ ಓದಲು ಬರುವುದಿಲ್ಲವೇ?

ಮರುದಿನ ಕೆಳಗೆ ಹೋದೆ. ಸೂಜಿ, ದಾರ, ಕತ್ತರಿ ಎಲ್ಲ ಒಂದು ಗಂಟಾಗಿ ಬಾಗಿಲ ಬಳಿ ಇತ್ತು.

"ಬರ್ರಿ ಮಾಲಕ್ರ" ಅಂದರು. ನಾನು ಚಡ್ಡಿ ಹಾಕುವ ಕಾಲದಿಂದ ನನ್ನನ್ನು ಏಕವಚನದಲ್ಲೇ ಕರೆದವರು!

"ಇವತ್ತ ಹೊಲಿಯಾಕ ಕೂತಿಲ್ಲೇನ್ರಿ ವೈನಿ?"

"ಕೆಲಸದಿಂದ ತಗದ ಹೆಂಗಸು, ಸೂಜಿ ಹೆಂಗ ಮುಟ್ಲಿರಿ?" ಎಂದು ನಕ್ಕರು. "ಚಾ ಕುಡಿತೀರಿಲ್ಲೋ? ಕೈ ತೊಳಕೊಂಡ ಮಾಡ್ತೀನಿ."

ಅವರು ನಕ್ಕರೆಂದು ನಾನೂ ನಕ್ಕೆ. ಬರೆದದ್ದು ಒಂದು ತಪ್ಪಾದರೆ ಆ ನಗು ಇನ್ನೊಂದು. ನಗದೆ ಸುಮ್ಮನೆ ನಿಂತಿದ್ದರೆ ಬಾಯಿಂದ ಬರಬೇಕಾದ ಮಾತು ಬರುತ್ತಿತ್ತೋ ಏನೋ.

ವೈನಿ ಆಮೇಲೆ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಇದ್ದ ಕೌದಿಗಳು ಮಾರಿಹೋದವು. ಈಗ ವೆಬ್‌ಸೈಟಿನಲ್ಲಿ ಎಲ್ಲ ಫೋಟೊಗಳ ಕೆಳಗೂ "ಸ್ಟಾಕ್ ಇಲ್ಲ" ಎಂದೇ ಇದೆ. ಇಂದಾಪುರದಾಕೆ ಈಗಲೂ ಫೋನ್ ಮಾಡಿ ಕೇಳುತ್ತಾಳೆ. "ಹೊಲಿಯೋರು ಬಿಟ್ಟು ಹೋದ್ರವಾ" ಎಂದು ವೈನಿ ಮರಾಠಿಯಲ್ಲೇ ಹೇಳಿ, ಮಗುವಿನ ಕೆಮ್ಮಿನ ವಿಷಯಕ್ಕೆ ಬರುತ್ತಾರೆ.

ನಾನು ದಿನಾ ಸಂಜೆ ಕೆಳಗಿಳಿದು ಹೋಗುತ್ತೇನೆ. "ಮಾಲಕ್ರು ಬಂದ್ರು" ಎನ್ನುತ್ತಾರೆ, ಚಹಾ ಕೊಡುತ್ತಾರೆ, ಮಾತಿಗೆ ಕೂಡುತ್ತಾರೆ. ಮಾತಾಡುತ್ತಿರುವಾಗ ಅವರ ಬೆರಳುಗಳು ಸೆರಗಿನ ಅಂಚನ್ನು ಮಡಚಿ, ಒತ್ತಿ, ಇಷ್ಟಿಷ್ಟೇ ಮುಂದಕ್ಕೆ ಸರಿಯುತ್ತಿರುತ್ತವೆ. ಸೂಜಿ ಇಲ್ಲ, ದಾರ ಇಲ್ಲ. ಅದನ್ನು ನೋಡುತ್ತಾ ಕೂತರೆ ನನ್ನ ಚಹಾ ಆರುತ್ತದೆ. ಕ್ಷಮಿಸಿ ಎಂಬ ಮಾತನ್ನು ಮುಂಬೈಯ ಗಿರಾಕಿಗೆ ಎಷ್ಟು ಸಲೀಸಾಗಿ ಬರೆದಿದ್ದೆ!

ಆ ಉತ್ತರವನ್ನು ಇವತ್ತು ಅಳಿಸಿದೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು. ಪ್ರತಿ ಕೌದಿಯ ಫೋಟೊದ ಕೆಳಗೆ "ತಯಾರಿಸಿದವರು" ಎಂದು ಒಂದು ಜಾಗವಿದೆ. ಅಲ್ಲೆಲ್ಲ ನಾನು ಹಾಕಿಕೊಂಡಿದ್ದದ್ದು ನನ್ನ ಹೆಸರು. ಕೂತು ಒಂದೊಂದಾಗಿ ಅಳಿಸಿ ಬರೆದೆ. ಕ್ಷಮಿಸಿ ಎಂದು ಬಾಯಿಬಿಟ್ಟು ಇನ್ನೂ ಹೇಳಿಲ್ಲ. ಆದರೆ ಮಾರಲು ಒಂದು ಕೌದಿಯೂ ಇಲ್ಲದ ಆ ಅಂಗಡಿಯಲ್ಲಿ ಈಗ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರಿದೆ: ಚಂದ್ರವ್ವ.