ಒಡಪಿನ ಮುಂದೆ ನನ್ನ ರ‍್ಯಾಪ್

ನಾನು ಹಳೆಯ ರ‍್ಯಾಪರ್. ನಗಬೇಡಿ. ಸಾಫ್ಟ್‌ವೇರ್ ಕಂಪನಿಗಳು ಹೈದರಾಬಾದಿಗೆ ಒಂದರ ಹಿಂದೊಂದು ಬಂದಿಳಿಯುತ್ತಿದ್ದ ಕಾಲದಲ್ಲಿ, ಕೂಕಟ್‌ಪಲ್ಲಿಯ ಬಾಡಿಗೆ ಕೋಣೆಯ ಮಾಳಿಗೆ ಹತ್ತಿ ಕನ್ನಡ, ತೆಲುಗು, ಹಿಂದಿ ಮೂರನ್ನೂ ಕಲಸಿ ಹಾಡುತ್ತಿದ್ದೆ. ಕೊರಳಲ್ಲಿ ಬೇಗಂ ಬಜಾರಿನ ಹಿತ್ತಾಳೆ ಸರಪಳಿ (ಅಂಗಡಿಯವನು ಅದನ್ನು ದೇವರ ಗಂಟೆಗೆಂದು ಇಟ್ಟಿದ್ದ). ಆ ಸಂಜೆಗಳನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಮದುವೆಯಾದ ಮೇಲೆ ಸರಪಳಿ ದೇವರ ಮನೆ ಸೇರಿತು, ನಾನು ಗಚ್ಚಿಬೌಲಿಯ ಆಫೀಸು ಸೇರಿದೆ, ಹೊಟ್ಟೆ ಬೆಳೆಯುತ್ತಾ ಹೋಯಿತು.

"ಅಪ್ಪಾ, ನೀ ಖರೇನ ಹಾಡ್ತಿದ್ದೇನು?" ಎಂದು ಒಂಬತ್ತು ವರ್ಷದ ಮಗಳು ಅನುರಾಧಾ ಒಂದು ದಿನ ಕೇಳಿದಳು. ಆ ‘ಖರೇನ’ ಚುಚ್ಚಿತು. ಅವಳ ಮುಂದೆ ಒಮ್ಮೆಯಾದರೂ ಹಾಡಲೇಬೇಕೆಂದು ಪಣ ತೊಟ್ಟೆ. ಆದರೆ ಉಸಿರೆಲ್ಲಿ? ಎರಡು ಸಾಲಿಗೇ ಏದುಸಿರು. ಹೀಗೆ ಉಸಿರು ಗಳಿಸಲು ಬೆಳಗಿನ ಓಟ ಶುರುವಾಯಿತು.

"ಹೆಂಗೂ ಓಡ್ತೀರಲ್ಲ, ಬರೂವಾಗ ಹಾಲಿನ ಪಾಕೀಟ ತರ್ರಿ," ಎಂದಳು ಹೆಂಡತಿ ಗುರುದೇವಿ.

"ಇದು ಸಾಧನೆ!"

"ಸಾಧನಾ ಮಾಡ್ಕೊಂತನ ತರ್ರಿ. ಮೊಸರೂ ಬೇಕು."

ಮೂರು ತಿಂಗಳ ಘೋರ ತಪಸ್ಸಿನ ನಂತರ, ನಮ್ಮ ಕನ್ನಡ ಬಳಗ ಗಚ್ಚಿಬೌಲಿಯಲ್ಲಿ ಐದು ಕಿಲೋಮೀಟರ್ ಓಟ ಇಟ್ಟಿತು. ಕಾರ್ಯದರ್ಶಿ ಹಂಪಯ್ಯನವರಿಗೆ ನಾನೇ ಹೋಗಿ ಹೇಳಿದೆ: ಓಟ ಮುಗಿಸಿ, ನೇರ ವೇದಿಕೆ ಹತ್ತಿ, ಅದೇ ಉಸಿರಿನಲ್ಲಿ ಹಾಡುತ್ತೇನೆ!

ಮೊದಲ ಕಿಲೋಮೀಟರ್ ಹುಲಿಯಂತೆ ಓಡಿದೆ. ಉಳಿದ ನಾಲ್ಕನ್ನು ವರ್ಣಿಸುವುದಿಲ್ಲ. ಎಲ್ಲರೂ ಓಟ ಮುಗಿಸಿ ಉಪ್ಪಿಟ್ಟಿಗೆ ಕುಳಿತರೂ ನನ್ನ ಸುಳಿವಿಲ್ಲ. ಮೈಕಿನಲ್ಲಿ ಕೂಗೋಣವೆಂದರೆ ಹಂಪಯ್ಯನವರಿಗೆ ನನ್ನ ಹೆಸರೇ ಗೊತ್ತಿಲ್ಲ (ಬಳಗದಲ್ಲಿ ನಾನು ಬರೀ ‘ಅನುರಾಧಾನ ಅಪ್ಪ’). ಮೈಕನ್ನು ಗುರುದೇವಿಯ ಮುಂದೆ ಹಿಡಿದು, "ನಿಮ್ಮ ಯಜಮಾನ್ರ ಹೆಸರು ಹೇಳವಾ ತಂಗಿ," ಎಂದುಬಿಟ್ಟರು.

ಅಲ್ಲೇ ಎಡವಟ್ಟಾದದ್ದು. ನಮ್ಮ ಕಡೆ ಹೆಂಗಸರು ನಾಲ್ಕು ಜನರೆದುರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಪೋಣಿಸಿ ಒಡಪು ಹೇಳುತ್ತಾರೆ. ದೂರದ ತಿರುವಿನಲ್ಲಿ ಕುಂಟುತ್ತಿದ್ದ ನನಗೆ ಕೇಳಿಸಿತು:

"ಬೇಗಂ ಬಜಾರದಾಗ ತಂದ ಬೆಲ್ಲದಚ್ಚು,
ಗಚ್ಚಿಬೌಲಿ ಮಂದಿಗೆ ಓಡೂ ಹುಚ್ಚು,
ಎಲ್ಲಾರೂ ಕುಡದು ಮುಗಿಸ್ಯಾರ ಚಹಾ,
ಶಿವಪ್ರಕಾಶರು ಇನ್ನಾ ಬರಾಕತ್ತಾರ, ಆಹಾ!"

ಸಿಳ್ಳೆ, ಚಪ್ಪಾಳೆ! "ಇನ್ನೊಂದು, ಅಕ್ಕಾರ!" ಅವಳು ಎರಡನೆಯದು ಹೇಳಿದಳು, ಐದನೆಯದು, ಒಂಬತ್ತನೆಯದು. ಎಲ್ಲೂ ಉಸಿರು ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಇಷ್ಟು ವರ್ಷ ನನ್ನ ಮನೆಯಲ್ಲೇ ಇಂಥ ರ‍್ಯಾಪರ್ ಇದ್ದಳು, ನಾನು ಅವಳಿಗೆ ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ನಾಚಿಕೆಯಾಯಿತು.

ಕೊನೆಗೂ ವೇದಿಕೆ ಹತ್ತಿ ಮೈಕು ಹಿಡಿದೆ. ಬಂದದ್ದು "ಹಾ... ಹಾ..." ಅಷ್ಟೇ. ಅನುರಾಧಾ ನೀರು ಕೊಟ್ಟು ಕೈ ಹಿಡಿದು ಇಳಿಸಿದಳು. "ನೀ ಕುಂದ್ರಪಾ. ಅವ್ವ ಹೇಳಾಕತ್ತಾಳ."

ಮರುವರ್ಷ ಹಂಪಯ್ಯನವರು ಆಹ್ವಾನ ಹಿಡಿದು ಮನೆಗೇ ಬಂದರು, ಗುರುದೇವಿಗೆ. ಅವಳು ಒಂದೇ ಷರತ್ತು ಹಾಕಿದಳು: "ಇವರು ಎದುರಿಗಿದ್ರ ನನಗ ಭಾಳ ನಾಚಿಕಿರಿ. ನಾ ಹೇಳೂತನಾ ದೂರ ಓಡ್ಕೊಂತ ಇರ್ಲಿ."

ಅಂದಿನಿಂದ ಪ್ರತಿ ವರ್ಷ ಅವಳ ಕಾರ್ಯಕ್ರಮ ಮುಗಿಯುವವರೆಗೆ ನಾನು ಓಡುತ್ತಿರುತ್ತೇನೆ. ಕಾರ್ಯಕ್ರಮ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ.